ನಿಕಾನ್ ಗೆದ್ದ ದಿನ

ಒಂದು ತೊಟ್ಟಿಲ ಕಾರ್ಯಕ್ಕೆ ಇಬ್ಬರು ಫೋಟೋದವರು ಬಂದದ್ದೇ ತಪ್ಪಾಯಿತು. ಬಾಣಂತಿಯ ತವರಿನವರು ಜೇವರ್ಗಿಯ ಪೀರಪ್ಪನಿಗೆ ಹೇಳಿದ್ದರು. ಕೊಳಕೂರಿನ ಗಂಡನ ಮನೆಯವರು ಅವರಿಗೆ ತಿಳಿಸದೆ ತಮ್ಮೂರಿನ ಗುರುಶಾಂತನನ್ನು ಕರೆದಿದ್ದರು. ಪೀರಪ್ಪನ ಕೊರಳಲ್ಲಿ ನಿಕಾನ್, ಗುರುಶಾಂತನ ಕೊರಳಲ್ಲಿ ಕ್ಯಾನನ್. ಎರಡೂ ಹೊಸದಾಗಿ ಕಲಿಯುವವರು ಕೊಳ್ಳುವ ಸಾದಾ ಕ್ಯಾಮೆರಾಗಳೇ. ಆದರೂ ಇಬ್ಬರೂ ಒಂದೇ ಗೂಟಕ್ಕೆ ಕಟ್ಟಿದ ಹೋರಿಗಳಂತೆ ಗುರಾಯಿಸುತ್ತ ನಿಂತರು.

ಗುರಾಯಿಸಿ ಸುಮ್ಮನಾಗುತ್ತಿದ್ದರೇನೋ. ಆದರೆ ಪಡಸಾಲೆಯಲ್ಲಿ ನೆಂಟರ ಪೈಕಿಯ ದೇವಿಂದ್ರಪ್ಪ ಕೂತಿದ್ದ. ಮುಂದಿನ ತಿಂಗಳು ಅವನ ಮಗಳ ಲಗ್ನ. ಫೋಟೋದವನನ್ನು ಇನ್ನೂ ಗೊತ್ತುಮಾಡಿರಲಿಲ್ಲ. ಹೋಳಿಯಿಂದೀಚೆ ಪಾಸ್‌ಪೋರ್ಟ್ ಸೈಜಿನ ಮುಖಗಳನ್ನು ಬಿಟ್ಟು ಬೇರೇನೂ ಕಾಣದ ಪೀರಪ್ಪನಿಗೆ ಆ ಲಗ್ನ ಬೇಕೇ ಬೇಕಾಗಿತ್ತು.

"ಎರಡರಾಗ ಯಾವುದು ಚೊಲೋ ಅದಪಾ?" ದೇವಿಂದ್ರಪ್ಪ ಕೇಳಿದ.

"ನಿಕಾನ್ ರೀ ಕಾಕಾ," ಪೀರಪ್ಪ ಮುಂದೆ ಬಂದ. "ಒಮ್ಮೆ ಚಾರ್ಜ್ ಮಾಡಿದ್ರ ಲಗ್ನಾ ಮುಗದು ಗಂಡ ಹೆಂಡ್ತಿ ಜಗಳಾ ಆಡೋತನಕ ಬ್ಯಾಟರಿ ಬರ್ತದ."

"ಬ್ಯಾಟರಿ ಆಲ್ಬಮ್‌ನಾಗ ಅಂಟಸ್ತಿಯೇನಲೇ?" ಗುರುಶಾಂತ ನಕ್ಕ. "ಕ್ಯಾನನ್‌ದಾಗ ಮುಖದ ಬಣ್ಣಾ ನೋಡ್ರಿ ಕಾಕಾ. ಗೋಧಿ ಹುಗ್ಗಿ ಇದ್ದಂಗ ಬರ್ತದ."

"ಮದುಮಗಳು ಹುಗ್ಗಿ ಇದ್ದಂಗ ಕಂಡ್ರ ಬೀಗರು ಚಮಚಾ ತಗೊಂಡು ಬರ್ತಾರ ನೋಡು!"

ಇವರು ಹೀಗೆ ಕಾದಾಡುತ್ತಿರುವಾಗಲೇ ಒಳಗೆ ಕೂಸಿನ ಸೋದರತ್ತೆ ಮಹಾನಂದಾ ತೊಟ್ಟಿಲಿಗೆ ಬಗ್ಗಿ, ಕೂಸಿನ ಕಿವಿಯಲ್ಲಿ ಹೆಸರು ಹೇಳಿದಳು. ಹೆಸರು ಹೇಳಿದ ಅತ್ತೆಯ ಬೆನ್ನಿಗೆ ಹೆಂಗಸರೆಲ್ಲ ಗುದ್ದುವುದು ಪದ್ಧತಿ. ಧಬಧಬ ಸದ್ದು ಕೇಳಿ ಫೋಟೋದವರು ಒಳಗೆ ಓಡಿದರು. ಅಷ್ಟರಲ್ಲಿ ಮಹಾನಂದಾ ಬೆನ್ನು ಉಜ್ಜಿಕೊಳ್ಳುತ್ತ ನಿಂತಿದ್ದಳು.

"ತಪ್ಪಿಹೋಯ್ತು. ಇನ್ನೊಮ್ಮೆ ಮಾಡ್ರಿ," ಎಂದ ಪೀರಪ್ಪ.

"ಇನ್ನೊಮ್ಮೆ ಗುದ್ದಸ್ಕೊಳ್ಳಾಕ ಇನ್ನೊಂದು ಬೆನ್ನು ಎಲ್ಲಿಂದ ತರ್ಲಿ?" ಮಹಾನಂದಾ ಸಿಡುಕಿದಳು.

"ಇರ್ಲಿ ಬಗ್ಗಬೇ, ಕೂಸಿನ ನೆನಪಿಗಿ ಇರ್ತದ," ಎಂದು ಹಣಮವ್ವ ಸೆರಗು ಸಿಕ್ಕಿಸಿದಳು. ಆಕೆ ಬಾಣಂತಿಯ ತಾಯಿ. ಬೀಗರ ಮನೆಯ ಬೆನ್ನು ಎರಡನೆಯ ಸಲ ಸಿಕ್ಕರೆ ಬಿಡುವ ಹೆಂಗಸಲ್ಲ.

ಎರಡನೆಯ ಗುದ್ದುಗಳು ಬಿದ್ದವು. ಎರಡು ಕ್ಯಾಮೆರಾಗಳೂ ಕ್ಲಿಕ್ಕೆಂದವು. ದೇವಿಂದ್ರಪ್ಪ ಎರಡನ್ನೂ ಹತ್ತಿರ ಹಿಡಿದು, ದೂರ ಹಿಡಿದು ನೋಡಿದ.

"ಎರಡೂ ಒಂದೇ ಕಾಣಾಕತ್ತಾವಲ್ಲೋ. ಫರಕ್ ಏನದ?"

ಪೀರಪ್ಪನ ತಲೆಯಲ್ಲಿ ಒಂದು ಯೋಚನೆ ಇಲಿಯಂತೆ ನುಸುಳಿತು. "ಅದಲಬದಲ ಮಾಡಿ ತೆಗಿಯೂನ್ರಿ ಕಾಕಾ. ನನ್ನ ನಿಕಾನ್ ಯಾರ ಕೈಯಾಗ ಕೊಟ್ರೂ ಮಸ್ತ ತೆಗೀತದ."

"ತಾರಲೇ!" ಎಂದು ಗುರುಶಾಂತ ತನ್ನ ಕ್ಯಾನನ್ ಬಿಚ್ಚಿಕೊಟ್ಟ.

ಗುರುಶಾಂತನ ಕ್ಯಾಮೆರಾದಲ್ಲಿ ಬೇಕೆಂದೇ ಫೋಟೋ ಕೆಡಿಸಬೇಕು. ನೋಡಿದವರು ಕ್ಯಾನನ್ನೇ ಸರಿಯಿಲ್ಲ ಅನ್ನಬೇಕು. ಇದು ಪೀರಪ್ಪನ ಹಂಚಿಕೆ. ಹೊಲಸು ಕೆಲಸವೆಂದು ಅವನಿಗೇ ಗೊತ್ತಿತ್ತು, ಕಿವಿ ಬಿಸಿಯಾದವು. ಮಹಾನಂದಾ ಈ ಸಲ ಒಲ್ಲೆ ಎಂದು ಗೋಡೆಗೆ ಬೆನ್ನು ಹಚ್ಚಿ ನಿಂತಾಗ ಇನ್ನೂ ಬಿಸಿಯಾದವು.

"ಇದೇ ಕಡೀದು ತಂಗೀ, ನನ್ನಾಣಿ," ಎಂದು ಕೈಮುಗಿದ.

ಆಕೆ ಅವನ ಮುಖ ನೋಡಿದಳು. ಪಾಪ ಅನ್ನಿಸಿರಬೇಕು, ಮತ್ತೆ ಬಗ್ಗಿದಳು. ಹಣಮವ್ವ ಜೋಳದ ರಾಶಿ ಬಡಿಯುವವಳಂತೆ ಕೈಯೆತ್ತಿದಳು. ಗುರುಶಾಂತ ಮೊಣಕಾಲೂರಿ ಉಸಿರು ಬಿಗಿಹಿಡಿದು ನಿಕಾನ್ ಒತ್ತಿದ. ಪೀರಪ್ಪ ಫ್ಲ್ಯಾಷ್ ಮಡಚಿಟ್ಟು, ಒಳಮನೆಯ ಮಬ್ಬುಗತ್ತಲಲ್ಲಿ ಕೈ ಅಲ್ಲಾಡಿಸುತ್ತ ಕ್ಯಾನನ್ ಒತ್ತಿದ.

ವಾಯರ್ ಹಚ್ಚಿ ಎರಡೂ ಫೋಟೋಗಳನ್ನು ಟಿವಿಯಲ್ಲಿ ತೋರಿಸಿದರು. ಮೊದಲು ನಿಕಾನ್‌ದು. ಗಾಳಿಯಲ್ಲಿ ಹಣಮವ್ವನ ಮುಷ್ಟಿ, ಅಳುವೋ ನಗುವೋ ತಿಳಿಯದ ಮಹಾನಂದಾಳ ಮುಖ, ನಡುವೆ ಆಕಳಿಸುವ ಕೂಸು. ಮನೆಯೆಲ್ಲ ವಾಹ್ ಅಂದಿತು. ಆಮೇಲೆ ಕ್ಯಾನನ್‌ದು. ಹಣಮವ್ವನಿಗೆ ಆರು ಕೈ, ಕೂಸಿಗೆ ಎರಡು ತಲೆ. ಮಹಾನಂದಾ ಬರೀ ಹೊಗೆ.

"ನೋಡಿದ್ರೇನ್ರಿ ಕಾಕಾ!" ಪೀರಪ್ಪ ಜಿಗಿದ. "ಅದು ನನ್ನ ನಿಕಾನು!"

"ಖರೇ ಅದಪಾ. ಕ್ಯಾಮೆರಾ ನಿಂದೇ ಚೊಲೋ," ದೇವಿಂದ್ರಪ್ಪ ತಲೆಯಾಡಿಸಿದ. "ಲಗ್ನಕ್ಕ ಇದೇ ಇರ್ಲಿ. ಗುರುಶಾಂತಾ, ಪೀರಪ್ಪನ ಕಡಿಂದ ಇದನ್ನ ಇಸ್ಕೊಂಡು ನೀ ಬಂದುಬಿಡು."

"ಅವ ಯಾಕ್ರೀ? ನಾ ಬರ್ತೇನಲ್ರಿ!"

"ಚೊಲೋ ಫೋಟೋ ತೆಗದಾಂವ ಅವ. ನೀ ತೆಗದದ್ದು ಆ ದೆವ್ವದ್ದು."

ಬೇಕಂತಲೇ ಕೆಡಿಸಿದೆ ಎಂಬ ಮಾತು ಪೀರಪ್ಪನ ನಾಲಗೆಯ ತುದಿಗೆ ಬಂತು. ಅಷ್ಟರಲ್ಲಿ ಮಹಾನಂದಾ ಬೆನ್ನ ಮೇಲೆ ಕೈಯಿಟ್ಟುಕೊಂಡೇ ಹತ್ತಿರ ಬಂದಳು.

"ಅಣ್ಣಾ, ನಿನ್ನ ಕೈ ಯಾವಾಗಿಂದ ಹಿಂಗ ನಡಗ್ತಾವ? ದವಾಖಾನಿಗಿ ತೋರ್ಸೀಯೋ ಇಲ್ಲೋ?"

ಆಕೆ ನಿಜವಾಗಿಯೂ ಮರುಗುತ್ತಿದ್ದಳು. ಆಕೆ ತಿಂದ ಮೂರನೆಯ ಗುದ್ದುಗಳು ತನ್ನ ಮೋಸಕ್ಕೆಂದು ಈ ಮುಖದೆದುರು ಹೇಳುವುದು ಹೇಗೆ? ಬಂದ ಮಾತು ಹಿಂದಕ್ಕೆ ಹೋಯಿತು.

"ಹೋದ ವರ್ಷದಿಂದವ್ವಾ," ಎಂದ ತಲೆ ತಗ್ಗಿಸಿ.

ಹೆಂಗಸರು ಲೊಚಗುಟ್ಟಿದರು. ಒಬ್ಬಳು ಬೆಳ್ಳುಳ್ಳಿ ಎಣ್ಣೆ ಹಚ್ಚು ಅಂದಳು, ಇನ್ನೊಬ್ಬಳು ದರ್ಗಾದ ತಾಯಿತ ಕಟ್ಟಿಸು ಅಂದಳು. ಗುರುಶಾಂತ ಕೂಡ ಬೈಯಲಿಲ್ಲ. ತನ್ನ ಕ್ಯಾನನ್ನನ್ನು ಅವನ ಕೈಯಿಂದ ಮೆಲ್ಲಗೆ, ಎರಡೂ ಕೈಯಲ್ಲಿ ಹಿಡಿದು ಇಸಿದುಕೊಂಡ.

"ಕಾಕಾ," ಪೀರಪ್ಪ ಕಡೆಯ ಸಲ ಅಂಗಲಾಚಿದ, "ಲಗ್ನದಾಗ ಲೈಟ್ ಆದ್ರೂ ಹಿಡೀತೇನ್ರಿ."

ದೇವಿಂದ್ರಪ್ಪ ಅವನ ಕೈಗಳನ್ನೇ ಮರುಕದಿಂದ ನೋಡಿದ.

"ಬ್ಯಾಡಪಾ, ಬೆಳಕೂ ನಡಗೀತು. ನೀ ಉಣ್ಣಾಕ ಮಾತ್ರ ಬಾ. ಸಾರು ಅರ್ಧಾ ಬಟ್ಟಲಾ ಹಾಕಸ್ತೇನಿ, ಚೆಲ್ಲೂದಿಲ್ಲ."