ಕೆರಿಬಿಯನ್ ದ್ವೀಪದಲ್ಲಿ ಅತ್ತೆ ಮುದ್ದೆ ನುಂಗಿದ್ದು

ನಿಮಗೂ ಹೀಗಾಗಿದೆಯಾ, ನಿಜ ಹೇಳಿ? ಮನೆಯ ಹಿರಿಯರನ್ನು ಖುಷಿಪಡಿಸಲೆಂದು ಪ್ರವಾಸಕ್ಕೆ ಕರೆದುಕೊಂಡು ಹೋದರೆ, ಅವರು "ನನ್ನ ಊರಿಗೆ ಕಳಿಸ್ಬುಡಿ" ಎಂದು ಮುಖ ಊದಿಸಿಕೊಂಡು ಕೂತದ್ದು? ನನಗಾಗಿದೆ. ಅದೂ ಹಡಗಿನಲ್ಲಿ. ಮನೆಯಲ್ಲಾದರೆ ಮುನಿಸಿಕೊಂಡವರು ಇನ್ನೊಂದು ರೂಮಿಗೆ ಹೋಗುತ್ತಾರೆ. ಹಡಗಿನಲ್ಲಿ ನಮಗೆಲ್ಲ ಸೇರಿ ಇದ್ದದ್ದು ಒಂದೇ ರೂಮು. ಅದಕ್ಕೆ ಕಿಟಕಿಯೂ ಇರಲಿಲ್ಲ.

ಅದು ಡಾಟ್ ಕಾಮ್ ಕಾಲ, ದಿನಕ್ಕೊಂದು ಇಂಟರ್ನೆಟ್ ಕಂಪನಿ ಹುಟ್ಟುತ್ತಿತ್ತು. ಸನ್ನಿವೇಲಿನ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಎಲ್ಲರೂ ಒಂದೊಂದು ಅಡುಗೆ ಹೊತ್ತು ತರುವ ಪಾಟ್‌ಲಕ್ಕಿಗೆ ಯಾರ ಮನೆಗೆ ಹೋದರೂ ಸ್ಟಾಕಿನ ಮಾತು, ಅದು ಮುಗಿದರೆ ಹಡಗಿನ ಪ್ರವಾಸದ, ಕ್ರೂಸಿನ ಮಾತು. ನನಗೂ ಒಂದು ಸ್ಟಾರ್ಟಪ್ಪಿನಲ್ಲಿ ಕೆಲಸ ಸಿಕ್ಕಿತ್ತು. ಕಂಪನಿ ಏನು ಮಾರುತ್ತದೆಂದು ನನಗೆ ಗೊತ್ತಿರಲಿಲ್ಲ, ಇಂಟರ್‌ವ್ಯೂ ಮಾಡಿದವನಿಗೂ ಗೊತ್ತಿದ್ದಂತೆ ಕಾಣಲಿಲ್ಲ. ಯಾವಾಗಿನಿಂದ ಬರುತ್ತೀರಿ ಎಂದಷ್ಟೇ ಕೇಳಿದ. ತೊಡಕೊಂದೇ: ಮಗಳು ಪುಟ್ಟಿಗೆ ಡೇಕೇರಿನಲ್ಲಿ ಜಾಗವಿರಲಿಲ್ಲ. ಮಂಡ್ಯದಿಂದ ವೀಸಾ ಮಾಡಿಸಿಕೊಂಡು ಈ ದೇಶಕ್ಕೆ ಬಂದಿದ್ದ ಅತ್ತೆ ಇನ್ನಷ್ಟು ತಿಂಗಳು ಉಳಿದರೆ ನನ್ನ ಕೆಲಸ ಉಳಿಯುತ್ತದೆ, ಹೊರಟರೆ ಇಲ್ಲ. ಅದಕ್ಕೇ ಅವರನ್ನು ಅಡುಗೆಮನೆಗೆ ಬಿಡದೆ, ಸೋಫಾದ ಮೇಲೆ ಕೂರಿಸಿ, ದೇವರ ಹಾಗೆ ನೋಡಿಕೊಳ್ಳುತ್ತಿದ್ದೆ. ಆದರೂ ಅವರ ಮುಖ ಬಾಡುತ್ತಲೇ ಇತ್ತು. ನನ್ನ ಗಂಡ ಶಿವು, "ಕ್ರೂಸಿಗೆ ಕರ್ಕೊಂಡ್ ಹೋಗಣ ಬಿಡೇ, ಅವ್ವ ಖುಷಿಯಾಗಿ ಉಳ್ಕೊಂಡ್ಬಿಡ್ತಾಳೆ" ಎಂದ. ಪಾಟ್‌ಲಕ್ಕಿನಲ್ಲಿ ಹೇಳಿಕೊಳ್ಳಲು ನನಗೂ ಒಂದು ಕ್ರೂಸು ಬೇಕಿತ್ತು, ಸುಳ್ಳೇಕೆ? ಹೊರಟೆವು.

ಹಡಗಿನಲ್ಲಿ ಬೀದಿಯಷ್ಟು ಉದ್ದಕ್ಕೆ ಊಟದ ಸಾಲು. ಅತ್ತೆ ಒಂದು ಸುತ್ತು ಹಾಕಿ ಬಂದು ಬಾಳೆಹಣ್ಣು ತಿಂದರು. ಯಾವುದು ಕುರಿ, ಯಾವುದು ದನ ಎಂದು ನೋಡಿದರೆ ತಿಳಿಯುವಂತಿರಲಿಲ್ಲ, ಸರಿ. ಆದರೆ ಅವರ ದೊಡ್ಡ ದೂರು ಬೇರೆಯೇ. "ಇಷ್ಟೊಂದ್ ಮಾಡವ್ರೆ, ಒಂದ್ರಲ್ಲೂ ಸಾರಿಲ್ವಲ್ಲೇ! ಬರೀ ಒಣಾ ಒಣಾ. ಇದ್ನ ಹೆಂಗ್ ನುಂಗದು?" ಮಾರನೆಯ ದಿನವೂ ಬಾಳೆಹಣ್ಣು. ದ್ವೀಪಕ್ಕೆ ಇಳಿಯುವ ದಿನ ಬೆಳಿಗ್ಗೆ, ಡೆಕ್ಕಿನ ಮೇಲೆ ನಿಂತಿದ್ದಾಗ ತೀರ್ಪು ಬಂತು: "ಸಿವು, ಮನೆಗ್ ಹೋಗುತ್ಲೂ ಟಿಕೀಟ್ ಮಾಡ್ಸ್‌ಬುಡು. ನಾನ್ ಊರಿಗ್ ಹೋಯ್ತೀನಿ." ಶಿವು ನನ್ನ ಮುಖ ನೋಡಿದ. ನಾನು ಸಮುದ್ರ ನೋಡಿದೆ.

ಹಡಗಿನವರೆಲ್ಲ ಗಾಜಿನ ತಳದ ದೋಣಿ ಹತ್ತಿ ಮೀನು ನೋಡಲು ಹೋದರು. "ಮೀನ್ನ ಮೇಲಿಂದ ನೋಡ್ಬುಟ್ಟು ಏನ್ಮಾಡದು?" ಎಂದು ಅತ್ತೆ ಸೆರಗು ಸೊಂಟಕ್ಕೆ ಸಿಕ್ಕಿಸಿ ಊರೊಳಗೆ ನಡೆದೇಬಿಟ್ಟರು. ಬಿಳಿ ಮರಳು, ನೀಲಿ ನೀರು, ಬ್ರೋಷರಿನಲ್ಲಿ ನಾನು ಬೆರಳಿಟ್ಟು ತೋರಿಸಿದ್ದೆಲ್ಲ ಬೆನ್ನ ಹಿಂದೆ ಉಳಿಯಿತು. ಮಾರುಕಟ್ಟೆಯ ಪಕ್ಕ ತಗಡು ಹೊದಿಸಿದ ಸಣ್ಣ ಹೋಟೆಲು. ಗಟ್ಟಿಮುಟ್ಟಾದ ಹೆಂಗಸೊಬ್ಬಳು ಪಾತ್ರೆಯನ್ನು ಒತ್ತಿ ಹಿಡಿದು ಕೋಲಿನಿಂದ ಏನನ್ನೋ ತೊಳಸುತ್ತಿದ್ದಳು. ಅತ್ತೆ ನಿಂತುಬಿಟ್ಟರು. "ಅಯ್ಯೋ ಸಿವು, ಮುದ್ದೆ ತೊಳುಸ್ತಾವ್ಳೆ ಕಣೋ!" ವಿಚಾರಿಸಿದೆ. ಮುಸುಕಿನ ಜೋಳದ ಹಿಟ್ಟಂತೆ, ಬೆಂಡೆಕಾಯಿ ಹಾಕಿ ಬೇಯಿಸಿ ಉಂಡೆ ಮಾಡುತ್ತಾರಂತೆ, ಜೊತೆಗೆ ಮೀನಿನ ಸಾರು.

"ಅದು ರಾಗಿ ಅಲ್ಲ ಅತ್ತೆ, ಜೋಳ."

"ನೀನ್ ಸುಮ್ಕಿರವ್ವ. ಸಾರೈತಲ್ಲ!"

ತಟ್ಟೆ ಬಂತು. ಅತ್ತೆ ಚಮಚ ಪಕ್ಕಕ್ಕಿಟ್ಟು, ತುತ್ತು ಮುರಿದು, ಸಾರಿನಲ್ಲಿ ಹೊರಳಿಸಿ ಗುಳುಂ ಎಂದು ನುಂಗಿದರು. ಇನ್ನೊಂದು. ಮತ್ತೊಂದು. ಮಂಡ್ಯದಲ್ಲಿ ಮುದ್ದೆ ಅಗಿಯುವವರೆಂದರೆ ಬೆಂಗಳೂರಿನಿಂದ ಹೋದ ನನ್ನಂಥ ಸೊಸೆಯರು ಮಾತ್ರ. ಇದು ಆ ಹೋಟೆಲಿನವಳಿಗೆ ಹೇಗೆ ಗೊತ್ತಾಗಬೇಕು? ಅಜ್ಜಿಯ ಗಂಟಲು ಏರಿಳಿಯುತ್ತಿದೆ, ದವಡೆ ಆಡುತ್ತಿಲ್ಲ, ಸಾರಿನ ಖಾರಕ್ಕೆ ಕಣ್ಣಲ್ಲಿ ನೀರು. ತುತ್ತು ಸಿಕ್ಕಿಕೊಂಡಿತೆಂದು ಓಡಿ ಬಂದವಳೇ ಅತ್ತೆಯ ಬೆನ್ನಿಗೆ ಧಬಧಬ ಗುದ್ದಿದಳು. ಆ ಬೆನ್ನಿನ ಹತ್ತಿರ ಕೈ ಒಯ್ಯುವ ಧೈರ್ಯ ನಮ್ಮ ಮಾವನವರಿಗೂ ಇರಲಿಲ್ಲ. ನನ್ನ ಕೆಲಸ ಹೋಯಿತು ಎಂದುಕೊಂಡೆ. ಪುಟ್ಟಿಯೊಬ್ಬಳೇ ಕೂಗಿದ್ದು: "ಸ್ಟಾಪ್! ಅಜ್ಜಿ ನೆವರ್ ಚ್ಯೂಸ್!"

ಅತ್ತೆ ತುತ್ತು ಇಳಿಸಿಕೊಂಡು ತಿರುಗಿದರು. "ಯಾಕೇ ಹೊಡಿತೀಯ, ನಿನ್ ಕೈ ಸೇದೋಗ! ನಾನೇನ್ ಸಾಯ್ತಿದ್ನಾ?" ಅವಳೂ ಸೊಂಟಕ್ಕೆ ಕೈಯಿಟ್ಟು ತನ್ನ ಇಂಗ್ಲಿಷಿನಲ್ಲಿ ಬೈದಳು. ಹಲ್ಲಿದ್ದೂ ಅಗಿಯದವಳು ನನ್ನ ಹೋಟೆಲಿನಲ್ಲಿ ಸಾಯಬೇಡ ಎಂಬುದು ಅದರ ತಾತ್ಪರ್ಯ. ಸ್ವಲ್ಪ ಹೊತ್ತು ಇಬ್ಬರೂ ತಂತಮ್ಮ ಭಾಷೆಯಲ್ಲಿ ಚೆನ್ನಾಗಿ ಜಗಳವಾಡಿದರು. ಆಮೇಲೆ ಯಾರು ಮೊದಲು ನಕ್ಕರೋ ಗೊತ್ತಿಲ್ಲ. ಅತ್ತೆ ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡು, "ಇಂಗೆ, ನೋಡಿಲ್ಲಿ" ಎಂದು ನುಂಗುವ ಪಾಠ ಶುರು ಮಾಡಿದರು. ಅವಳು ಪ್ರಯತ್ನಿಸಿ ಕೆಮ್ಮಿದಳು. ಈಗ ಗುದ್ದುವ ಸರದಿ ಅತ್ತೆಯದು. ಬಡ್ಡಿ ಸಮೇತ ಗುದ್ದಿದರು.

ಹಡಗಿನ ಕಡೆ ವಾಪಸು ನಡೆಯುವಾಗ ಅತ್ತೆಯ ಮುಖ ಬೆಳಗಿತ್ತು. "ಈ ದೇಸಕ್ ಬಂದ್ಮೇಲೆ ಒಬ್ರಾದ್ರೂ ನನ್ ಜೊತೆ ಜಗಳ ಆಡಿರ್ನಿಲ್ಲ ಕಣವ್ವ. ನೀನೋ, ಅತ್ತೆ ಕೂತ್ಕೊಳಿ, ಅತ್ತೆ ಟೀವಿ ನೋಡಿ. ನೆಂಟ್ರ ಮನೇಲಿದ್ದಂಗಿತ್ತು. ನೆಂಟ್ರು ಎಷ್ಟ್ ದಿನ ಇರಕ್ಕಾಯ್ತದೆ?"

"ಹಂಗಾದ್ರೆ ಜಗಳ ಆಡಿದ್ರೆ ಉಳ್ಕೋತೀರಾ ಅತ್ತೆ?"

"ಉಳ್ಕತೀನಿ. ಅಡ್ಗೆಮನೆ ಬುಟ್ಕೊಡು. ನಿನ್ ಸಾರು ನೀರ್‌ನೀರು ಅಂತ ಬಂದಾಗ್ಲಿಂದ ಹೇಳ್ಬೇಕು ಅಂತಿದ್ದೆ."

ಅತ್ತೆ ಉಳಿದರು, ವೀಸಾ ಎಕ್ಸ್‌ಟೆಂಡ್ ಮಾಡಿಸಿಕೊಂಡೇ ಉಳಿದರು. ನಾನು ಕೆಲಸಕ್ಕೂ ಸೇರಿದೆ. ಏನು ಮಾರುತ್ತೇವೆಂದು ನನಗೆ ಅರ್ಥವಾಗುವ ಮೊದಲೇ ಕಂಪನಿ ಮುಚ್ಚಿತು. ಆಮೇಲೆ ಅವರೂ ಮನೆಯಲ್ಲಿ, ನಾನೂ ಮನೆಯಲ್ಲಿ, ಜಗಳಕ್ಕೆ ಇಡೀ ದಿನ. ಅವರ ಮುಖದ ಕಳೆ ನೋಡಬೇಕಿತ್ತು! ನಿಮ್ಮ ಮನೆಯ ಹಿರಿಯರು ಯಾವ ಪರವೂರಿನಲ್ಲಿ, ಯಾರ ಜೊತೆ ಕಾದಾಡಿ ಗೆಲುವಾದರು? ಕೆಳಗೆ ಬರೆಯಿರಿ. ಸೊಸೆಯೇ ಗೆದ್ದ ಜಗಳವಿದ್ದರೆ ವಿವರವಾಗಿ ಬರೆಯಿರಿ, ನನಗೆ ಆ ಅನುಭವ ಇನ್ನೂ ಆಗಿಲ್ಲ.