ಆರನೆಯ ಗುಂಡಿ

ಮಗಳ ಸ್ವೆಟರಿಗೆ ದೇವರು ಆರು ಗುಂಡಿ ಇಡಿಸಿದ್ದು ಅಪ್ಪನ ತಾಳ್ಮೆ ಅಳೆಯುವುದಕ್ಕೇ ಇರಬೇಕು. ಮಾಂಟೆಸ್ಸರಿ ಶಾಲೆಯ ಟೀಚರಮ್ಮ ಕಡ್ಡಿ ಮುರಿದಂತೆ ಹೇಳಿದ್ದರು: "ಮಗು ತನ್ನ ಕೆಲಸ ತಾನೇ ಮಾಡ್ಕೊಳ್ಲಿ. ನೀವು ಕೈ ಹಾಕ್ಬೇಡಿ, ಅವಸರ ಮಾಡ್ಬೇಡಿ."

ಅಪ್ಪ ಗುಮಾಸ್ತ. ಆ ತಿಂಗಳು ಎರಡು ಸಲ ಆಫೀಸಿಗೆ ತಡವಾಗಿ ಹೋಗಿದ್ದ. ಮೂರನೆಯ ಸಲವಾದರೆ ಊರಾಚೆಯ ಗೋದಾಮಿಗೆ ವರ್ಗ ಎಂದು ಸಾಹೇಬರು ಎಚ್ಚರಿಸಿದ್ದರು.

ಎಂಟೂವರೆ. ನಾಲ್ಕು ವರ್ಷದ ಮಗಳು ಮೆಟ್ಟಿಲ ಮೇಲೆ ಕೂತು, ನಾಲಿಗೆ ಹೊರಗೆ ಚಾಚಿ, ಮುತ್ತು ಪೋಣಿಸುವವಳ ಹಾಗೆ ಮೂರನೆಯ ಗುಂಡಿ ತೂರಿಸುತ್ತಿದ್ದಳು. ಹೆಂಡತಿ ಆಸ್ಪತ್ರೆಯ ಬೆಳಗಿನ ಪಾಳಿಗೆ ಆಗಲೇ ಹೋಗಿಯಾಗಿತ್ತು.

ಪಕ್ಕದ ಮನೆಯ ಅಜ್ಜಿ ಗೇಟಿಗೆ ಒರಗಿದರು. "ಏನಪ್ಪಾ, ಗರ ಬಡಿದೋನ ಥರ ನಿಂತಿದ್ದೀಯ? ಕೂಸಿಗೆ ಗುಂಡಿ ಹಾಕೋಕೆ ನಿನ್ನ ಕೈಗೇನಾಗಿದೆ?"

"ಹಾಕಬಾರದಂತೆ ಅಜ್ಜಿ. ಶಾಲೇಲಿ ಹೇಳಿದ್ದಾರೆ."

"ಹಂಗಾದ್ರೆ ಅಪ್ಪ ಅಂತ ನೀನ್ಯಾಕೆ? ಬಾಗಿಲು ಕಾಯೋಕಾ?"

ಮಗಳು ಐದನೆಯ ಗುಂಡಿ ಮುಗಿಸುವಷ್ಟರಲ್ಲಿ ಬೀದಿಯ ತಿರುವಿನಲ್ಲಿ ಬಸ್ಸು ಹಾರನ್ ಹೊಡೆಯಿತು. ಅಪ್ಪ ಕಳ್ಳನಂತೆ ಬಗ್ಗಿ ಆರನೆಯ ಗುಂಡಿಯನ್ನು ತಾನೇ ಹಾಕಿಬಿಟ್ಟ. ಮಗಳು ಅಳಲಿಲ್ಲ, ಮುನಿಸಿಕೊಳ್ಳಲೂ ಇಲ್ಲ. ತಣ್ಣಗೆ ಆರೂ ಗುಂಡಿ ಬಿಚ್ಚಿ ಮೊದಲಿನಿಂದ ಶುರು ಮಾಡಿದಳು.

"ನಾನೇ ಮಾಡ್ತೀನಿ ಅಪ್ಪ. ನೀನು ಕೂತ್ಕೋ."

ಅಪ್ಪ ಕೂತ. ಬಸ್ಸು ಹೋಯಿತು.

ನಡೆದು ಶಾಲೆ ಮುಟ್ಟಿದಾಗ ಬಾಗಿಲು ಹಾಕಿತ್ತು. ಟೀಚರಮ್ಮ ಕಿಟಕಿಯಿಂದ ಪಿಸುಗುಟ್ಟಿದರು. "ಮಕ್ಕಳು ಕೆಲಸಕ್ಕೆ ಕೂತಾಯ್ತು. ಈಗ ಬಾಗಿಲು ತೆಗೆದ್ರೆ ಅವರ ಗಮನ ಕೆಡುತ್ತೆ. ನಾಳೆ ಬನ್ನಿ."

"ಅವಸರ ಮಾಡ್ಬೇಡಿ ಅಂತ ನೀವೇ ಅಂದ್ರಲ್ಲಮ್ಮ?"

"ಅವಸರ ಬೇಡ. ಬೇಗ ಎದ್ದೇಳಿ."

ಮಗಳ ಕೈ ಹಿಡಿದು ಆಫೀಸು ಸೇರುವಷ್ಟರಲ್ಲಿ ಹತ್ತೂ ಇಪ್ಪತ್ತು. ಅಪ್ಪನ ಮುಖ ಹಿಂಡಿ ಒಣಹಾಕಿದ ಬಟ್ಟೆಯಂತಾಗಿತ್ತು. ಅವನು ಕುರ್ಚಿಗೆ ಕುಸಿದು ಕಣ್ಣು ಮುಚ್ಚಿ ತೆರೆಯುವುದರೊಳಗೆ ಮಗಳು ಚೀಲದಿಂದ, ಶಾಲೆಯಲ್ಲಿ ಕೆಲಸಕ್ಕೆ ಕೂರುವಾಗ ಹಾಸುವ ತನ್ನ ಪುಟ್ಟ ಚಾಪೆ ತೆಗೆದು ಸಾಹೇಬರ ಬಾಗಿಲ ಮುಂದೆಯೇ ಹಾಸಿದ್ದಳು. ಮೇಜಿನ ಮೇಲಿದ್ದ ರಬ್ಬರ್ ಮೊಹರುಗಳನ್ನೆಲ್ಲ ತಂದು ಚಿಕ್ಕದರಿಂದ ದೊಡ್ಡದಕ್ಕೆ ಸಾಲಾಗಿ ನಿಲ್ಲಿಸುತ್ತಿದ್ದಳು.

ಜವಾನ ಫೈಲು ಹೊತ್ತು ಬಂದ. "ದಾರಿ ಬಿಡು ಪುಟ್ಟಿ."

"ಇಲ್ಲಿ ಕೆಲಸ ನಡೀತಿದೆ. ಸುತ್ತಿ ಹೋಗಿ."

"ಈ ಆಫೀಸಲ್ಲಿ ಕೆಲಸವಾ?" ಎಂದ ಜವಾನ, ನಂಬದವನಂತೆ. ಆದರೂ ಸುತ್ತಿ ಹೋದ.

ಅಷ್ಟರಲ್ಲಿ ಬಾಗಿಲು ತೆರೆಯಿತು. ಸಾಹೇಬರು ಹೊರಗಿಡಲು ಎತ್ತಿದ ಕಾಲು ಗಾಳಿಯಲ್ಲೇ ನಿಂತಿತು.

"ಚಾಪೆ ತುಳೀಬೇಡಿ ತಾತ."

ಸಾಹೇಬರು ಕೊಕ್ಕರೆಯಂತೆ ಒಂಟಿ ಕಾಲಲ್ಲಿ ನಿಂತು ಮೊಹರಿನ ಸಾಲು ನೋಡಿದರು, ಗುಮಾಸ್ತನನ್ನು ನೋಡಿದರು. "ಯಾಕ್ರೀ ತಡ?"

ಸುಳ್ಳು ಹೆಣೆಯುವ ತ್ರಾಣವೂ ಅಪ್ಪನಿಗೆ ಉಳಿದಿರಲಿಲ್ಲ. "ಗುಂಡಿ ಸಾರ್," ಎಂದು ಇದ್ದದ್ದು ಇದ್ದ ಹಾಗೆ ಹೇಳಿದ.

ಸಾಹೇಬರು ಮೆತ್ತಗಾದರು. "ಎಂಥ ತಾಳ್ಮೆ ರೀ ನಿಮ್ಮದು. ಹೋಗಲಿ, ಇವತ್ತಿನದನ್ನ ಲೆಕ್ಕಕ್ಕೆ ಹಿಡಿಯಲ್ಲ."

ಅಪ್ಪ ಮನಸ್ಸಿನಲ್ಲೇ ದೇವರಿಗೆ ಕೈ ಮುಗಿದ. ಮುಗಿದ ಕೈ ಇಳಿಸುವುದರೊಳಗೆ ಸಾಹೇಬರು ಮುಂದುವರಿಸಿದರು.

"ನನ್ನ ಮೊಮ್ಮಗನನ್ನೂ ಅದೇ ಶಾಲೆಗೆ ಸೇರಿಸ್ತೀನಿ. ನಮ್ಮನೆ ನಿಮ್ಮ ದಾರೀಲೇ ಇದೆ. ಸೋಮವಾರದಿಂದ ನೀವೇ ರೆಡಿ ಮಾಡಿಸಿ ಕರ್ಕೊಂಡು ಹೋಗಿ. ಬೂಟಿನ ದಾರ ಕಟ್ಟೋದು ಅವನಿಗಿನ್ನೂ ಬರಲ್ಲ. ಕಲ್ತ್ಕೋತಾನೆ ಬಿಡಿ, ನೀವು ಕೈ ಹಾಕ್ಬೇಡಿ."

"ಸಾರ್, ಹತ್ತು ಗಂಟೆಗೆ ಆಫೀಸು..."

"ಅದಕ್ಕೇನು, ಸರಿಯಾಗಿ ಹತ್ತಕ್ಕೆ ಬನ್ನಿ. ಗೋದಾಮಿನ ಆರ್ಡರ್ ರೆಡಿ ಇದೆ. ತಾರೀಖು ಮಾತ್ರ ಹಾಕಿಲ್ಲ."