ಇಂದೂಬಾಯಿಯ ಹನ್ನೆರಡು ಶಬ್ದಗಳು

ಹೆಂಡತಿಗೆ ಮರೆವು ಹೆಚ್ಚು ಎಂದು ಕೊರಗುವ ಗಂಡಂದಿರು ಪುಣೆಯಲ್ಲಿ ಬೇಕಾದಷ್ಟು ಜನ ಇರಬಹುದು. ಅವಧೂತನ ದುಃಖ ಬೇರೆ. ಅವನ ಹೆಂಡತಿ ಇಂದೂಗೆ ಮರೆವೆಂಬುದೇ ಇರಲಿಲ್ಲ. ಮದುವೆಯಾದ ಮೂರನೆಯ ದಿನ ಗೋಕಾಕದ ಮಾವನ ಮನೆಯಲ್ಲಿ ಅವನು ಉಪ್ಪಿಟ್ಟಿಗೆ ಉಪ್ಪು ಕಡಿಮೆ ಎಂದದ್ದು, ಅವನ ತಂಗಿ ಹಬ್ಬಕ್ಕೆ ತಂದ ಸೀರೆಯ ಅಂಚು ಒಂದು ಕಡೆ ಮಾಸಿದ್ದು, ಇಪ್ಪತ್ತೆರಡು ವರ್ಷಗಳ ಹಿಂದೆ ದೌಂಡ ಸ್ಟೇಶನ್ನಿನಲ್ಲಿ ‘ಈಗ ಬಂದೆ’ ಎಂದು ಚಹಾ ತರಲು ಇಳಿದವನು ಗಾಡಿ ಹೊರಟ ಮೇಲೆ ಬೇರೆ ಡಬ್ಬಿಯಲ್ಲಿ ಸಿಕ್ಕದ್ದು, ಎಲ್ಲವೂ ಆಕೆಯ ತಲೆಯಲ್ಲಿ ವಾರ, ತಿಥಿ ಸಮೇತ ಭದ್ರವಾಗಿದ್ದವು. ಜಗಳ ಶುರುವಾದರೆ ಅವಧೂತ ವರ್ತಮಾನದಲ್ಲಿ ಒಬ್ಬನೇ ನಿಂತಿರುತ್ತಿದ್ದ. ಇಂದೂ ಸಮಸ್ತ ಇತಿಹಾಸವನ್ನು ಬೆನ್ನಿಗೆ ಕಟ್ಟಿಕೊಂಡು ಬರುತ್ತಿದ್ದಳು.

ಇಂಥ ನೆನಪನ್ನು ಲಾಭಕ್ಕೆ ಹಚ್ಚಬಹುದೆಂಬ ದಿವ್ಯ ವಿಚಾರ ಅವನಿಗೆ ಹೊಳೆದದ್ದು ಐವತ್ತೈದನೆಯ ವಯಸ್ಸಿನಲ್ಲಿ.

ಅವನದು ಯಾತ್ರೆಯ ವ್ಯಾಪಾರ. ಯೆರವಡಾದ ಸೊಸೈಟಿಯೊಂದರ ಮೂರನೆಯ ಮಹಡಿಯಲ್ಲಿ ಮನೆ. ಮುಂದಿನ ಕೋಣೆ ಆಫೀಸು, ಹಿಂದಿನದು ಸಂಸಾರ. (ಯೆರವಡಾದಲ್ಲಿದ್ದೇನೆ ಎಂದರೆ ಬೆಳಗಾವಿ ಕಡೆಯ ನೆಂಟರು ಈಗಲೂ ‘ಎಷ್ಟು ವರ್ಷ ಹಾಕ್ಯಾರ?’ ಎಂದು ಕೇಳುತ್ತಾರೆ. ಅಲ್ಲಿ ಜೈಲಿನ ಹೊರಗೂ ಜನ ಇರುತ್ತಾರೆಂಬುದನ್ನು ಅವರು ಒಪ್ಪುವುದಿಲ್ಲ.) ಅಷ್ಟವಿನಾಯಕ, ಪಂಢರಪುರ, ಗೋಕರ್ಣ ಎಂದು ಪರರನ್ನು ಪುಣ್ಯಕ್ಕೆ ಕಳಿಸಿ ಬದುಕಿದವನು ಅವಧೂತ. ಈಗ ಜನ ಮೊಬೈಲಿನಲ್ಲೇ ಎಲ್ಲ ಬುಕ್ ಮಾಡತೊಡಗಿದ್ದರಿಂದ ಅವನೂ ಇದ್ದಬದ್ದ ಉಳಿತಾಯ ಸುರಿದು ವೆಬ್‌ಸೈಟ್ ಮಾಡಿಸಿದ. ಗಿರಾಕಿ ಬರಲಿಲ್ಲ. ಒಂದು ವಾರ ಊಟದ ತಾಟಿನ ಪಕ್ಕ ಫೋನು ಇಟ್ಟುಕೊಂಡು ವಿಡಿಯೊ ನೋಡಿದ. ಎಂಟನೆಯ ದಿನ ವೆಬ್‌ಸೈಟಿನ ನೆತ್ತಿಯ ಮೇಲೆ ದೊಡ್ಡದಾಗಿ ಬರೆಸಿದ: ‘ಇಲ್ಲಿ ಬುಕಿಂಗ್‌ಗೆ ಕ್ರಿಪ್ಟೊ ಸ್ವೀಕರಿಸಲಾಗುವುದು.’

“ಹಂಗಂದ್ರ ಏನ್ರಿ?” ಇಂದೂ ಕೇಳಿದಳು.

“ಕಣ್ಣಿಗೆ ಕಾಣದ ರೊಕ್ಕ. ನೋಟಿಲ್ಲ, ನಾಣ್ಯ ಇಲ್ಲ, ಬ್ಯಾಂಕೂ ಇಲ್ಲ. ಆದ್ರ ಇರತದ.”

“ನಿಮ್ಮ ಕಾಕಾ ಕೊಡ್ತೀನಂದ ಹೊಲದ ಪಾಲಿನಂಗ.”

ಅವಧೂತ ಈ ಮಾತನ್ನು ನುಂಗಿಕೊಂಡ. ಮಹತ್ಕಾರ್ಯಕ್ಕೆ ಹೊರಟವರು ಸಣ್ಣ ಮಾತುಗಳನ್ನು ನುಂಗಬೇಕಾಗುತ್ತದೆ.

ಈ ಕಾಣದ ರೊಕ್ಕಕ್ಕೆ ಫೋನಿನಲ್ಲಿ ಒಂದು ತಿಜೋರಿ ಬೇಕು. ತಿಜೋರಿ ತೆರೆದಾಗ ಅದು ಹನ್ನೆರಡು ಇಂಗ್ಲಿಷ್ ಶಬ್ದಗಳನ್ನು ಕೊಟ್ಟಿತು. ಫೋನು ಕಳೆದರೂ ಚಿಂತೆಯಿಲ್ಲ, ಆ ಹನ್ನೆರಡು ಶಬ್ದಗಳನ್ನು ಸಾಲು ತಪ್ಪದೆ ಹೇಳಿದರೆ ಬೇರೆ ಫೋನಿನಲ್ಲಿ ರೊಕ್ಕ ಸಿಗುತ್ತದೆ. ಶಬ್ದ ಮರೆತರೆ ಬ್ರಹ್ಮನಿಂದಲೂ ತೆರೆಯಲಾಗದು. ಬೇರೆಯವರ ಕಿವಿಗೆ ಬಿದ್ದರೆ ರೊಕ್ಕ ಬೇರೆಯವರದು. ಕಾಗದದ ಮೇಲೆ ಬರೆದಿಡಬಹುದಿತ್ತು. ಆದರೆ ಆ ಮನೆಯಲ್ಲಿ ಕಾಗದದ ಆಯುಷ್ಯ ಒಂದು ತಿಂಗಳು. ಆಮೇಲೆ ಅದು ರದ್ದಿಯವನ ತಕ್ಕಡಿಗೆ. ಅವಧೂತನ ಬಿ.ಕಾಂ. ಸರ್ಟಿಫಿಕೇಟೂ ಹಾಗೆಯೇ ಹೋಗಿತ್ತು.

“ಇಂದೂ, ನಿನ್ನ ತಲೀಗಿಂತ ದೊಡ್ಡ ತಿಜೋರಿ ಇಡೀ ಪುಣೆದಾಗ ಇಲ್ಲ,” ಎಂದ. ಮೂವತ್ತು ವರ್ಷಗಳಲ್ಲಿ ಆಕೆಯ ತಲೆಯನ್ನು ಅವನು ಹೊಗಳಿದ್ದು ಅದೇ ಮೊದಲು. ಇಂದೂ ಅದನ್ನೂ ತಿಥಿ ಸಮೇತ ನೆನಪಿಟ್ಟುಕೊಂಡಳು. “ಈ ಶಬ್ದ ಯಾರಿಗೂ ಹೇಳಬಾರದು. ಫೋನಿನಾಗ ನಾನ ಕೇಳಿದ್ರೂ ಹೇಳಬ್ಯಾಡ. ಈಗಿನ ಕಳ್ಳರು ಗಂಡನ ದನಿ ಸೈತ ನಕಲ ಮಾಡ್ತಾರ.”

“ಗಂಡನ ದನಿ ನಕಲ ಮಾಡಿ ಅವರಿಗೇನು ಸಿಗತದರಿ? ನಾ ಏನ ಆ ದನಿ ಕೇಳಿದ ಕೂಡಲೇ ಎದ್ದು ನಿಂದರತೀನೇನು?” ಎಂದು ಇಂದೂ ಪಟ್ಟಿ ನೋಡಿದಳು. “ಇವಕ್ಕ ಒಂದಕ್ಕೊಂದು ಬಳಗನ ಇಲ್ಲಲ್ರಿ. ರಿವರ್ ಎಲ್ಲೋ, ಅಂಕಲ್ ಎಲ್ಲೋ. ಆಗಲಿ, ನಾ ಕೂಡಸ್ತೀನಿ.”

ಮರುದಿನ ರೊಟ್ಟಿ ಬಡಿಯುತ್ತ ಆಕೆ ಅವನ್ನು ಬೀಸುವ ಪದದ ಧಾಟಿಗೆ ಕೂಡಿಸಿದಳು:

ರಿವರಿನ ದಂಡ್ಯಾಗ ಅಂಕಲ್ಲು ನಿಂತಾನ
ಗಾರ್ಲಿಕ್ಕು ಸುಲಿದು ಕೊಡತಾನ | ನಮ್ಮವ್ವ
ವಿಂಡೋದ ಒಳಗ ನಗತಾಳ

ಟೈಗರಿನ ಬೆನ್ನೇರಿ ಸಿಸ್ಟರು ಹೊಂಟಾಳ
ಬಟರ್ ಹಚ್ಚಿ ರೊಟ್ಟಿ ಕಟ್ಟ್ಯಾಳ | ಕೈಯಾಗ
ಟಿಕೆಟ್ಟು ಹಿಡಕೊಂಡು ನಡದಾಳ

(ಮೂರನೆಯ ತ್ರಿಪದಿಯನ್ನು ಇಲ್ಲಿ ಕೊಡುವಂತಿಲ್ಲ. ಇಂಥ ಶಬ್ದಗಳನ್ನು ಪೂರ್ತಿ ಬರೆದು ತೋರಿಸಬಾರದು ಎಂದು ಅವಧೂತನ ಕಟ್ಟುನಿಟ್ಟಿನ ಅಪ್ಪಣೆಯಿದೆ.)

ಹದಿನೈದು ದಿನಗಳಲ್ಲಿ ಗಿರಾಕಿ ಸಿಕ್ಕ. ಹೆಸರು ರಕ್ಷಿತ, ಬೆಂಗಳೂರಿನವನು, ಹತ್ತಿರದ ಐಟಿ ಪಾರ್ಕಿನಲ್ಲಿ ಕೆಲಸ. ಮುಂದಿನ ಶುಕ್ರವಾರ ಅವನ ತಂದೆ, ತಾಯಿ, ಅತ್ತೆ, ದೊಡ್ಡಪ್ಪ ಎಂದು ಹದಿನೆಂಟು ಹಿರಿಯರು ಪುಣೆಗೆ ಬರುವವರಿದ್ದರು. ಅವರಿಗೆ ಅಷ್ಟವಿನಾಯಕ ಯಾತ್ರೆ, ರಾಂಜಣಗಾಂವದಲ್ಲಿ ಒಂದು ರಾತ್ರಿ ವಸತಿ. “ಸರ್, ಪುಣೆಯಲ್ಲಿ ಕ್ರಿಪ್ಟೊ ತಗೊಳ್ಳೋ ಟ್ರಾವೆಲ್ಸ್ ನಿಮ್ದೊಂದೇ ಸಿಕ್ಕಿದ್ದು. ಫುಲ್ ಪೇಮೆಂಟ್ ಮಾಡ್ಬಿಟ್ಟಿದೀನಿ, ನೋಡ್ಕೊಳ್ಳಿ,” ಎಂದ. ಅವನ ಆಫೀಸಿನವರೆಗೂ ಹೋಗಿ ಕೈಕುಲುಕಿ, ಅವಧೂತ ಗುರುವಾರ ಸಂಜೆ ಪೇಢೆಯ ಪೊಟ್ಟಣ ಹಿಡಿದು ಮನೆಗೆ ಬಂದ. ಸೊಸೈಟಿಯ ಸಭಾಂಗಣದ ಹತ್ತಿರ ಬಂದಾಗ ಅವನ ಕಾಲು ನಿಂತವು.

ಒಳಗೆ ಒಂಬತ್ತು ಹೆಂಗಸರು ತಾಳ ಹಾಕಿ ಅವನ ತಿಜೋರಿಯನ್ನು ಹಾಡುತ್ತಿದ್ದರು.

ಅದು ಗುರುವಾರದ ಭಜನಿ ಮಂಡಳಿ. ಗೌರಾಬಾಯಿ ಅದರ ಮುಖ್ಯಸ್ಥೆ. ಎರಡನೆಯ ಮಹಡಿಯ ಕಿರಾಣಿ ವ್ಯಾಪಾರಿಯ ಹೆಂಡತಿ, ಎಪ್ಪತ್ತರ ಹತ್ತಿರದ ಹಿರಿಯ ಜೀವ. ಅವಧೂತನನ್ನು ಕಂಡು ಕಣ್ಣೊರೆಸಿಕೊಂಡರು.

“ಬರ್ರಿ ಅವಧೂತರಾವ. ಎಂಥಾ ಪದ ಹಾಡ್ಯಾಳ್ರಿ ನಮ್ಮ ಇಂದೂ. ಕೇಳೋವ್ರಿಗೆ ನಗಿ ಬರತದ, ಆದ್ರ ಒಳಗ ಭಾಳ ಅದ. ರಿವರ್ ಅಂದ್ರ ಸಂಸಾರ. ದಂಡೀಗೆ ನಿಂತ ಅಂಕಲ್ ಅಂದ್ರ ಗುರು. ಗಾರ್ಲಿಕ್ ಅಂದ್ರ ನಮ್ಮ ಅಹಂಕಾರ. ಒಂದೊಂದ ಎಸಳ ಸುಲಿದು ಕೊಡ್ತಾನ.”

“ಟೈಗರ್?” ಅವಧೂತನ ಬಾಯಿಂದ ತಾನಾಗಿ ಬಂತು.

“ಆಸಿ,” ಎಂದರು ಗೌರಾಬಾಯಿ ಮೆಲ್ಲಗೆ. “ಆಸೀ ಬೆನ್ನ ಏರಿದವರು ಇಳಿಯೂದು ಹೆಂಗರಿ?”

ಅವಧೂತ ಇಳಿಯುವುದು ಹೇಗೆಂದು ಯೋಚಿಸುತ್ತಲೇ ಇಂದೂಳನ್ನು ಕರೆದುಕೊಂಡು ಮೂರು ಮಹಡಿ ಹತ್ತಿದ.

“ಯಾರಿಗೂ ಹೇಳಬ್ಯಾಡ ಅಂದಿದ್ನಿಲ್ಲ?” ಮನೆಯ ಬಾಗಿಲು ಹಾಕಿ ಕೇಳಿದ.

“ಯಾರಿಗೆ ಹೇಳೀನಿ? ಹಾಡೀನಿ. ಅಡಿಗಿ ಮಾಡತ ಗುಣುಗುಣು ಅಂತಿದ್ದೆ, ಗೌರಾ ವೈನಿ ಕೇಳಿದ್ರು. ಅದು ರೊಕ್ಕದ ಕೀಲಿ ಅಂತ ನಾ ಏನ ಬಾಯಿ ಬಿಟ್ಟಿಲ್ಲ. ಅವರಿಗೆ ಅದು ವೇದಾಂತ.”

“ಒಂಬತ್ತು ಮಂದಿ ಬಾಯಾಗ ಅದ ಅದು.”

“ಹತ್ತು. ಶಾರದಕ್ಕ ಇವತ್ತು ಬಂದಿಲ್ಲ. ಮನಿಯಾಗ ರೂಢಿ ಮಾಡ್ಲಿಕ್ಕೆ ಹತ್ಯಾಳ.”

ಅವಧೂತನಿಗೆ ಆ ಸಂಜೆ ಪೇಢೆ ರುಚಿಸಲಿಲ್ಲ. ಸ್ನಾನದ ಮನೆಯ ಬಾಗಿಲು ಹಾಕಿಕೊಂಡು ಫೋನಿನಲ್ಲಿ ಎರಡನೆಯ ತಿಜೋರಿ ಮಾಡಿದ. ಹೊಸ ಹನ್ನೆರಡು ಶಬ್ದ ಬಂದವು. ರಕ್ಷಿತನ ರೊಕ್ಕವನ್ನೆಲ್ಲ ಹಳೆಯದರಿಂದ ಹೊಸದಕ್ಕೆ ಸಾಗಿಸಿದ. ಈ ಸಲ ಹೆಂಡತಿಗೂ ಇಲ್ಲ, ಕಾಗದಕ್ಕೂ ಇಲ್ಲ. ತನ್ನ ತಲೆ, ತನ್ನ ಕೀಲಿ. ಗಂಡಸಿನ ತಲೆಯೇನು ಬರೀ ಕೂದಲು ಉದುರಿಸುವುದಕ್ಕಿದೆಯೇ ಎಂದು ಕನ್ನಡಿಯನ್ನು ಕೇಳಿದ.

ಮರುದಿನದಿಂದ ಅವನಲ್ಲಿ ಭಕ್ತಿ ಉಕ್ಕಿತು. ಊದುಬತ್ತಿ ತೋರಿಸಿ ಓಡುತ್ತಿದ್ದವನು ದೇವರ ಮುಂದೆ ಅರ್ಧ ತಾಸು ಕಣ್ಣು ಮುಚ್ಚಿ ಕೂತ. ತೀರಿಹೋದ ತಾಯಿಯ ಜಪಮಾಲೆ ಹುಡುಕಿ ತೆಗೆದು, ಮಣಿಗೊಂದು ಶಬ್ದದಂತೆ ಪಿಸುದನಿಯಲ್ಲಿ ಉರುಳಿಸಿದ. ಇಂದೂ ಹೂವಿನ ಬುಟ್ಟಿ ಮುಂದಿಟ್ಟು, ಒಂದು ಗಳಿಗೆ ಹಿಂದೆ ನಿಂತು, ಒಳಗೆ ಹೋಗುತ್ತಿದ್ದಳು.

ಮಂಗಳವಾರ ಅವನು ನೀರು ತೋಡಿಕೊಳ್ಳಲು ಬಗ್ಗಿದಾಗ ಅಂಗಿಯ ಕಿಸೆಯಲ್ಲಿದ್ದ ಫೋನು ಹಂಡೆಯೊಳಗೆ ಮುಳುಗಿತು. ಇಂದೂ ಅದನ್ನು ಅಕ್ಕಿಯ ಡಬ್ಬಿಯಲ್ಲಿ ಹೂತಿಟ್ಟಳು. ಬುಧವಾರ ತೆಗೆದಾಗ ಅಕ್ಕಿಗೆ ಏನೂ ಆಗಿರಲಿಲ್ಲ. ಫೋನು ಸತ್ತಿತ್ತು.

ಆ ಹೊತ್ತಿಗೇ ಬಸ್ಸಿನ ಮಾಲೀಕ ಮಾಂತು ದೌಂಡದಿಂದ ಖುದ್ದಾಗಿ ಬಂದ. ಅವನು ಇಪ್ಪತ್ತು ವರ್ಷಗಳ ಸ್ನೇಹಿತ. ಕುರ್ಚಿಯ ಮೇಲೆ ಕೂತರೆ ಮನಸ್ಸು ಕರಗೀತೆಂದು ನಿಂತೇ ಮಾತಾಡಿದ. “ಸಾಹೇಬ್ರ, ನಿಮ್ಮ ಕಾಣದ ರೊಕ್ಕ ನಿಮ್ಮ ಹಂತೇಕ ಇರಲಿ. ನನಗ ಕಾಣೋ ರೊಕ್ಕ ನಾಳೆ ಸಂಜೀ ಒಳಗ ಬರಬೇಕು. ಇಲ್ಲಾಂದ್ರ ಗಾಡಿ ಲಗ್ನದ ಮಂದೀಗೆ ಕೊಡ್ತೀನಿ. ಆಮ್ಯಾಲ ಬ್ಯಾಸರ ಮಾಡಕೋಬ್ಯಾಡ್ರಿ.”

ಬ್ಯಾಂಕಿನಲ್ಲಿದ್ದುದನ್ನು ವೆಬ್‌ಸೈಟು ತಿಂದಿತ್ತು. ಹದಿನೆಂಟು ಹಿರಿಯರು ಅಷ್ಟರಲ್ಲಿ ಚಕ್ಕುಲಿ ಕಟ್ಟಿಕೊಳ್ಳುತ್ತಿರಬಹುದು. ಶುಕ್ರವಾರ ಸ್ಟೇಶನ್ನಿನಲ್ಲಿ ಅವರ ಎದುರು ಬಸ್ಸಿಲ್ಲದೆ ನಿಂತರೆ, ಮೂವತ್ತು ವರ್ಷ ಒಬ್ಬ ಯಾತ್ರಿಕನನ್ನೂ ದಾರಿಯಲ್ಲಿ ಬಿಡದ ಅವನ ಹೆಸರು ಅಲ್ಲಿಗೆ ಮುಗಿದಂತೆ. ಅವಧೂತ ಇಂದೂಳ ಫೋನು ಕೇಳಿ ಪಡೆದು, ಬಾಲ್ಕನಿಗೆ ಹೋಗಿ, ತಿಜೋರಿಯ ಬಾಗಿಲು ತಟ್ಟಿದ. ಹನ್ನೆರಡು ಶಬ್ದ ಹಾಕು ಎಂದಿತು. ಐದು ಸರಾಗ ಬಂದವು. ಏಳರಿಂದ ಹನ್ನೆರಡೂ ಬಂದವು. ಆರನೆಯದು ಬರಲಿಲ್ಲ. ಕಣ್ಣು ಮುಚ್ಚಿದ, ಜಪಮಾಲೆ ತಂದ, ಮೊದಲಿನಿಂದ ಓಡಿಬಂದು ಹಾರಿ ನೋಡಿದ. ಐದನೆಯದರ ಮುಂದೆ ಹಲ್ಲು ಬಿದ್ದ ಜಾಗದಂತೆ ಬರೀ ನಾಲಿಗೆ ತಾಗುತ್ತಿತ್ತು.

ಅಡುಗೆಮನೆಗೆ ಬಂದು ನಿಂತ. ಇಂದೂ ಮೆಂತ್ಯದ ಸೊಪ್ಪು ಸೋಸುತ್ತಿದ್ದಳು.

“ಒಂದು ಮಾತು ಹೇಳೂದದ.”

“ರೊಕ್ಕ ಬ್ಯಾರೆ ಕಡೆ ಇಟ್ಟೀರಿ. ಅದ ಹೌದಿಲ್ರಿ?”

ಅವಧೂತ ಬಾಗಿಲ ಚೌಕಟ್ಟು ಹಿಡಿದುಕೊಂಡ. “ನಿನಗ ಹೆಂಗ ಗೊತ್ತಾತು?”

“ದೇವರ ಮುಂದ ಕೂತು ಇಂಗ್ಲಿಷಿನಾಗ ಜಪಾ ಮಾಡಿದ್ರ ದೇವರಿಗೆ ತಿಳಿಲಿಕ್ಕಿಲ್ಲ, ನನಗ ತಿಳೀತದ. ಮೂರು ದಿವಸ ನಿಮ್ಮ ಹಿಂದ ನಿಂತು ಕೇಳೀನಿ. ಆದ್ರ ಒಂದು ಹೇಳ್ತೀನ್ರಿ,” ಎಂದು ಆಕೆ ಮೆಂತ್ಯದ ಕಡ್ಡಿಯನ್ನೇ ನೋಡುತ್ತ ನುಡಿದಳು, “ಇಡೀ ಪುಣೆದಾಗ ಇಂಥಾ ತಲಿ ಇಲ್ಲಂದ್ರಿ. ತಿಂಗಳ ತುಂಬೂದ್ರಾಗ ನನಗ ಹೇಳದ ಸಾಗಿಸಿದ್ರಿ. ಮರತೀನೇನ್ ನಾ? ಒಂದು ಶಬ್ದರ ತಪ್ಪೀನೇನು?”

ತಪ್ಪಿರಲಿಲ್ಲ. ಒಂಬತ್ತು ಹೆಂಗಸರು ಸಾಕ್ಷಿ ಇದ್ದರು. ಅವಧೂತನಿಗೆ ಆಗ ರೊಕ್ಕಕ್ಕಿಂತ ಆ ಬಾಗಿದ ಕುತ್ತಿಗೆಯನ್ನು ನೋಡುವುದು ಹೆಚ್ಚು ಕಷ್ಟವಾಯಿತು. “ತಪ್ಪು ನಂದ,” ಎಂದ. ಇಂದೂ ಥಟ್ಟನೆ ತಲೆಯೆತ್ತಿದಳು. ಈ ವಾಕ್ಯ ಆಕೆಯ ನೆನಪಿನ ಭಂಡಾರದಲ್ಲಿ ಅಷ್ಟು ವರ್ಷ ಇರಲೇ ಇಲ್ಲ.

“ಹಂಗಾದ್ರ ಆರನೇದು ಹೇಳು,” ಎಂದ ಅವನು, ಗಳಿಗೆ ಚೆನ್ನಾಗಿದೆಯೆಂದು.

“ಅದೆಂಗ ಹೇಳಲಿ? ‘ನಾನ ಕೇಳಿದ್ರೂ ಹೇಳಬ್ಯಾಡ’ ಅಂದವ್ರು ನೀವ.”

“ಅದು ಹಳೇ ಶಬ್ದಕ್ಕ ಹೇಳಿದ್ದು. ಅದೂ ಫೋನಿನಾಗ ಕೇಳಿದ್ರ.”

“ನಿಯಮ ಅಂದ್ರ ನಿಯಮ. ಫೋನು ಕೊಡ್ರಿ ಇತ್ತ. ನೀವು ಹೊರಗ ಹೋಗಿ ಕೂಡ್ರಿ. ನೋಡಬಾರದು.”

ಹೀಗೆ ತನ್ನದೇ ಶಬ್ದಗಳನ್ನು ತಾನು ನೋಡದಂತೆ ಅವಧೂತ ತನ್ನದೇ ಬಾಲ್ಕನಿಯಲ್ಲಿ ರಸ್ತೆಯ ಕಡೆ ಮುಖ ಮಾಡಿ ಕೂತ. ಒಳಗೆ ತಿಜೋರಿ ತೆರೆಯಿತು. ಮಂಡಳಿಯಲ್ಲಿ ಮಾಧುರಿ ಎಂಬ ಬ್ಯಾಂಕಿನ ಹುಡುಗಿ ಇದ್ದಳು, ತಾಳ ಅಷ್ಟಕ್ಕಷ್ಟೆ, ಲೆಕ್ಕ ಪಕ್ಕಾ. ಆಕೆ ಸಂಜೆ ಬಂದು, ಕಾಣದ ರೊಕ್ಕವನ್ನು ಕಾಣುವ ರೊಕ್ಕ ಮಾಡುವ ದಾರಿಯನ್ನು ಇಂದೂಗೆ ತೋರಿಸಿಕೊಟ್ಟಳು. ಗುರುವಾರ ಮಧ್ಯಾಹ್ನ ಮಾಂತುವಿನ ಕೈಗೆ ರೊಕ್ಕ ಬಿತ್ತು. ಶುಕ್ರವಾರ ಹದಿನೆಂಟು ಹಿರಿಯರು ಬಸ್ಸು ಹತ್ತಿದರು. ಭಾನುವಾರ ರಕ್ಷಿತ ಇಂದೂಳ ಫೋನಿಗೆ ಕರೆ ಮಾಡಿದಾಗ ಅವಧೂತನೇ ಎತ್ತಿಕೊಂಡ.

“ಸರ್, ಅಪ್ಪ ಅಮ್ಮ ಫುಲ್ ಖುಷಿ. ರಾಂಜಣಗಾಂವದಲ್ಲಿ ರೂಮ್ ತುಂಬಾ ಚೆನ್ನಾಗಿತ್ತಂತೆ. ನನ್ನ ಫ್ರೆಂಡ್ಸ್ ಇಬ್ರು ಗೋಕರ್ಣಕ್ಕೆ ಬುಕ್ ಮಾಡ್ತಾರಂತೆ. ಪೇಮೆಂಟ್ ಡೈರೆಕ್ಟಾಗಿ ಮೇಡಮ್‌ಗೇ ಕಳಿಸ್ಲಾ?”

ಕಳಿಸಿದರು. ಇಂದೂ ಆ ವೇಳೆಗೆ ಮೂರನೆಯ ತಿಜೋರಿ ಮಾಡಿಕೊಂಡಿದ್ದಳು. ಹಳೆಯವು ಗಂಡನ ಬಾಯಲ್ಲೂ ಮಂಡಳಿಯ ಬಾಯಲ್ಲೂ ತಿರುಗಾಡಿ ಮೈಲಿಗೆಯಾಗಿವೆ ಎಂದು ಆಕೆಯ ವಾದ. ಈಗ ‘ಅವಧೂತ ಯಾತ್ರಾ’ದ ಹಣವೆಲ್ಲ ಆಕೆಯ ತಲೆಯಲ್ಲಿ. ಅವಧೂತ ಹೊಸ ಫೋನಿಗೆ ಕೇಳಿದರೆ “ಹಂಡೆ ಒಣಗಲಿ, ಆಮ್ಯಾಲ ನೋಡೋಣು” ಎಂಬ ಉತ್ತರ.

ಆದರೆ ಈ ಸಲ ಇಂದೂ ನಿಯಮವನ್ನು ಅಕ್ಷರಶಃ ಪಾಲಿಸಿದಳು. ಹೇಳಲಿಲ್ಲ, ಹಾಡಲೂ ಇಲ್ಲ. ಹಾಡಿದರೆ ಎಲ್ಲಿ ಶಬ್ದ ನುಸುಳಿಬಿಡುತ್ತದೋ ಎಂದು ಗುಣುಗುಣು ಎನ್ನುವುದನ್ನೂ ಬಿಟ್ಟಳು. ಮುಂಜಾನೆ ಬರೀ ರೊಟ್ಟಿ ಬಡಿಯುವ ಸಪ್ಪಳ. ಮೊದಲ ವಾರ ಅವಧೂತ ಅಡುಗೆಮನೆಯ ಹೊರಗೆ ಪತ್ರಿಕೆ ಹಿಡಿದು ಕಿವಿ ನಿಮಿರಿಸಿ ಕೂತದ್ದು ಶಬ್ದ ಕದಿಯುವ ಆಸೆಯಿಂದಲೇ. ಎರಡನೆಯ ವಾರ ಅವನಿಗೆ ಪತ್ರಿಕೆ ಓದಲಾಗಲಿಲ್ಲ. ಮನೆ ಬಾಡಿಗೆಯವರು ಬಿಟ್ಟುಹೋದ ಮನೆಯಂತಿತ್ತು. ಮೂವತ್ತು ವರ್ಷ ಆ ಗುಣುಗುಣು ಕೇಳುತ್ತಲೇ ತಾನು ಎದ್ದಿದ್ದೆ, ಮೋರೆ ತೊಳೆದಿದ್ದೆ, ಚಹಾ ಕುಡಿದಿದ್ದೆ ಎಂಬುದು, ಅದು ನಿಂತ ಮೇಲೆ ತಿಳಿಯಿತು.

ಮೂರನೆಯ ವಾರ ಒಳಗೆ ಹೋಗಿ ಮಣೆ ಎಳೆದುಕೊಂಡು ಕೂತ.

“ಇಂದೂ, ಒಂದು ಪದಾ ಹಾಡು.”

“ಯಾತಕ್ಕ?”

“ಶಬ್ದ ಬ್ಯಾಡವಾ ನನಗ. ಶಬ್ದ ಇಲ್ಲದ್ದು ಹಾಡು. ಯಾವುದರ ಹಳೇದು.”

ಇಂದೂ ಅವನ ಅಂಗಿಯ ಕಿಸೆಯ ಕಡೆ ನೋಡಿದಳು. ಆಮೇಲೆ ಹಿಟ್ಟಿನ ಕೈ ಚಾಚಿದಳು. “ಮದಲ ಆ ಕಿಸೇದಾಗಿನ ಪೆನ್ನು ಇತ್ತ ಕೊಡ್ರಿ.”

ಅವಧೂತ ಪೆನ್ನು ಕೊಟ್ಟ. ಆಕೆ ಅದನ್ನು ಉಪ್ಪಿನ ಡಬ್ಬಿಯ ಹಿಂದೆ ಇಟ್ಟು, ಹಂಚಿನ ಮೇಲಿನ ರೊಟ್ಟಿಗೆ ನೀರು ಸವರಿ, ಹಾಡಿದಳು. ಮೊದಲು ಮೂಗಿನಲ್ಲೇ, ಆಮೇಲೆ ದನಿ ಬಿಟ್ಟು, ಮೂರು ತ್ರಿಪದಿ ಪೂರ್ತಿ. ಅವಧೂತ ಗೋಡೆಗೆ ತಲೆಯಾನಿಸಿ ಕಣ್ಣು ಮುಚ್ಚಿದ. ಹಾಡು ಮುಗಿದು, ರೊಟ್ಟಿ ತಾಟಿಗೆ ಬಂದು, ಮೊದಲ ತುತ್ತು ಬಾಯಿಗಿಟ್ಟಾಗ ಅವನಿಗೆ ನೆನಪಾಯಿತು: ಹಾಡಿನಲ್ಲಿ ತಿಜೋರಿಯ ಶಬ್ದಗಳಿದ್ದವೋ ಇಲ್ಲವೋ, ಕೇಳಿಸಿಕೊಳ್ಳುವುದನ್ನೇ ತಾನು ಮರೆತಿದ್ದೆ.